ಪ್ರಶ್ನೆ ನಿಮ್ಮದು: ಕಾಡಿನ ಪಟ್ಟಾ, ಗೋವೆಯ ಸಂಬಂಧ, ಕಡಲ ದಂಡೆಯ ಅಹವಾಲು

ಈ ಸಲ ಬಂದ ಪತ್ರಗಳ ಕಟ್ಟು ದೊಡ್ಡದು. ಒಂದೇ ಸಂಗತಿಯನ್ನು ಹಲವರು ಕೇಳಿದ ಕಡೆ ಒಂದು ಪತ್ರವನ್ನು ಮಾತ್ರ ಆರಿಸಿಕೊಂಡು, ಉಳಿದವರ ಸಂದೇಹಗಳನ್ನೂ ಅದೇ ಉತ್ತರದೊಳಗೆ ಸೇರಿಸಿದ್ದೇನೆ. ಹೆಸರು ಬೇಡವೆಂದು ಹೆಚ್ಚಿನವರು ಬರೆದಿರುವುದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾವು ಘಟ್ಟದಂಚಿನ ಹಳ್ಳಿಯವರು. ಅಜ್ಜನ ಕಾಲದಿಂದಲೂ ಅರಣ್ಯಭೂಮಿಯಲ್ಲಿ ಮನೆ ಕಟ್ಟಿಕೊಂಡು ಎರಡು ಎಕರೆಯಷ್ಟು ಅಡಿಕೆ, ಗದ್ದೆ ಮಾಡುತ್ತಿದ್ದೇವೆ. ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಕೊಟ್ಟ ಅರ್ಜಿಗೆ '75 ವರ್ಷದ ದಾಖಲೆ ಇಲ್ಲ' ಎಂಬ ತಿರಸ್ಕಾರದ ಪತ್ರ ಬಂದಿದೆ. ನಾವು ಪರಿಶಿಷ್ಟ ಪಂಗಡದವರಲ್ಲ. ಇನ್ನು ಜಾಗ ಬಿಟ್ಟು ಏಳಬೇಕೆ? ಕಾಡು ಉಳಿಯಬೇಕು ಎನ್ನುವವರ ಮಾತೂ ನನಗೆ ಪೂರ್ತಿ ತಪ್ಪೆಂದು ತೋರುವುದಿಲ್ಲ.
(ಕೃಷಿಕರು, ಸಿದ್ದಾಪುರ ತಾಲ್ಲೂಕು)

ಉತ್ತರ: ಏಳಬೇಕಾಗಿಲ್ಲ. ಆದರೆ ಆ ಪತ್ರವನ್ನು ಗೂಟಕ್ಕೆ ಸಿಕ್ಕಿಸಿ ಸುಮ್ಮನಿರುವಂತೆಯೂ ಇಲ್ಲ. ಮೊದಲು ಪತ್ರ ನಿಮ್ಮ ಕೈಗೆ ಬಂದ ತಾರೀಖನ್ನು ನೋಡಿಕೊಳ್ಳಿ. ಗ್ರಾಮಸಭೆಯ ನಿರ್ಣಯದ ಮೇಲೆ ಉಪವಿಭಾಗ ಮಟ್ಟದ ಸಮಿತಿಗೆ, ಅದರ ನಿರ್ಣಯದ ಮೇಲೆ ಜಿಲ್ಲಾ ಮಟ್ಟದ ಸಮಿತಿಗೆ ಮೇಲ್ಮನವಿ ಹಾಕಿಕೊಳ್ಳಲು ನಿಯಮದಲ್ಲಿ 60 ದಿನಗಳ ಅವಕಾಶವಿದೆ. ಈ ಪ್ರಕ್ರಿಯೆ ಪೂರ್ತಿಯಾಗುವವರೆಗೆ ಅರ್ಜಿದಾರನನ್ನು ಅವನ ಸ್ವಾಧೀನದ ಭೂಮಿಯಿಂದ ಎಬ್ಬಿಸುವಂತಿಲ್ಲ ಎಂದು 2006ರ ಕಾಯ್ದೆಯ ನಾಲ್ಕನೆಯ ಕಲಮಿನ ಐದನೆಯ ಉಪಕಲಮು ಸ್ಪಷ್ಟವಾಗಿ ಹೇಳುತ್ತದೆ.

ಇನ್ನು 75 ವರ್ಷದ ಮಾತು. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಭೂಮಿ ಸ್ವಾಧೀನದಲ್ಲಿದ್ದರೆ ಸಾಕು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪಂಗಡದ ಪಟ್ಟಿಗೆ ಸೇರಿದ್ದರಿಂದ ಅವರಿಗೆ ಈ ಅನುಕೂಲ ಸಿಕ್ಕಿತು. ಪಟ್ಟಿಗೆ ಸೇರದ ಹಾಲಕ್ಕಿಗಳು, ಕುಣಬಿಗಳು, ಗೌಳಿಗಳು ಮತ್ತು ನಿಮ್ಮಂತಹ ಇತರ ರೈತರು 'ಇತರೆ ಪಾರಂಪರಿಕ ಅರಣ್ಯವಾಸಿ'ಗಳಾಗಿ ಅರ್ಜಿ ಹಾಕಬೇಕು, ಮತ್ತು ಆ ತಾರೀಖಿಗೆ ಹಿಂದಿನ ಮೂರು ತಲೆಮಾರು, ಅಂದರೆ ತಲೆಮಾರಿಗೆ 25 ವರ್ಷದಂತೆ 75 ವರ್ಷ ಕಾಡಿನ ಆಸರೆಯಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಲೆಕ್ಕ ಹಾಕಿದರೆ ಅದು 1930ಕ್ಕೆ ಹೋಗಿ ನಿಲ್ಲುತ್ತದೆ. ಅಂಕೋಲೆಯ ಕಡಲ ದಂಡೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ವರ್ಷ ಅದು. ಆ ಕಾಲದಲ್ಲಿ ಘಟ್ಟದಂಚಿನ ಗುಡಿಸಿಲಲ್ಲಿದ್ದ ಕೂಲಿಯ ಹೆಸರನ್ನು ಕಾಗದದ ಮೇಲೆ ಬರೆದಿಡುವ ಆಸಕ್ತಿ ಯಾರಿಗಿತ್ತು? ಇಲ್ಲದ ಕಾಗದವನ್ನು ತಾ ಎಂದರೆ ಬಡವ ಎಲ್ಲಿಂದ ತರಬೇಕು ಎಂಬುದನ್ನು ಅರಿತೇ ನಿಯಮ ಮಾಡಿದವರು ಸಾಕ್ಷ್ಯದ ಬಾಗಿಲನ್ನು ದೊಡ್ಡದಾಗಿ ತೆರೆದಿಟ್ಟಿದ್ದಾರೆ.

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಓದಬೇಕು. 75 ವರ್ಷ ತೋರಿಸಬೇಕಾದದ್ದು ವಾಸವನ್ನು ಮತ್ತು ಕಾಡಿನ ಮೇಲಿನ ಅವಲಂಬನೆಯನ್ನು. ಅರ್ಜಿ ಹಾಕಿದ ಇದೇ ಎರಡು ಎಕರೆಯ ಸಾಗುವಳಿಯನ್ನು 75 ವರ್ಷಕ್ಕೆ ತೋರಿಸಬೇಕೆಂದು ಕಾಯ್ದೆ ಎಲ್ಲಿಯೂ ಕೇಳುವುದಿಲ್ಲ. ಸ್ವಾಧೀನಕ್ಕೆ ಬೇರೆ ಗಡುವಿದೆ, ಅದು 2005. ತಿರಸ್ಕಾರದ ಪತ್ರಗಳಲ್ಲಿ ನಾನು ಮತ್ತೆ ಮತ್ತೆ ಕಂಡಿರುವುದು ಈ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿರುವುದನ್ನು. ನಿಮ್ಮ ಮೇಲ್ಮನವಿಯ ಮೊದಲ ಅಂಶ ಇದೇ ಆಗಿರಲಿ.

ಎರಡನೆಯ ಅಂಶ ಸಾಕ್ಷ್ಯದ್ದು. ಹದಿಮೂರನೆಯ ನಿಯಮದಲ್ಲಿ ಗೆಜೆಟಿಯರು, ಜನಗಣತಿ, ಸರ್ವೆ ವರದಿ, ಅರಣ್ಯದ ಕಾರ್ಯಯೋಜನೆಗಳಂತಹ ಸರ್ಕಾರಿ ದಾಖಲೆಗಳ ಜೊತೆಗೆ ಮನೆ, ಬದು, ಬಾವಿ, ಸ್ಮಶಾನ, ದೇವರಬನಗಳಂತಹ ಕಣ್ಣಿಗೆ ಕಾಣುವ ಗುರುತುಗಳೂ, ವಂಶವೃಕ್ಷವೂ, ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡ ಹೇಳಿಕೆಯೂ ಸಾಕ್ಷ್ಯವೇ. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಇರಬೇಕು, ಅಷ್ಟೆ. ಇಂಥದೇ ಕಾಗದ ಬೇಕೆಂದು ಸಮಿತಿಗಳು ಹಟ ಹಿಡಿಯಬಾರದೆಂದು 2012ರಲ್ಲಿ ನಿಯಮಕ್ಕೆ ಸೇರಿಸಲಾಗಿದೆ. ನಿಮ್ಮ ಊರಿನ ಹೆಸರು 1883ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತ್ಯದ ಗೆಜೆಟಿಯರಿನ ಕೆನರಾ ಸಂಪುಟದಲ್ಲೋ ಹಳೆಯ ಜನಗಣತಿಯಲ್ಲೋ ಇದೆಯೇ ಎಂದು ಹುಡುಕಿಸಿ. ಹಳೆಯ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅಜ್ಜನ ಮಕ್ಕಳ ಹೆಸರಿದ್ದರೆ ಅದನ್ನೂ ಪಡೆಯಿರಿ.

ಕೆಲವು ವರ್ಷಗಳ ಹಿಂದೆ ಒಬ್ಬ ಹಿರಿಯರು ನನ್ನೆದುರು ಪ್ಲಾಸ್ಟಿಕ್ ಚೀಲವೊಂದನ್ನು ಬಿಚ್ಚಿದ್ದರು. ಒಳಗೆ ಮಡಿಕೆಯ ಗೆರೆಗಳಲ್ಲೇ ಹರಿದು ನಾಲ್ಕು ತುಂಡಾಗಿದ್ದ ಒಂದು ರಸೀದಿ. ಅರಣ್ಯಭೂಮಿ ಅತಿಕ್ರಮಣಕ್ಕೆಂದು ಅವರ ಅಪ್ಪ ಕಟ್ಟಿದ ದಂಡದ್ದು. ಅವಮಾನದ ಕಾಗದವೆಂದು ಅದನ್ನು ಅರ್ಜಿಯ ಜೊತೆಗೆ ಇಟ್ಟಿರಲಿಲ್ಲ. ಅಪ್ಪ ಆ ಜಾಗದಲ್ಲಿದ್ದ ಎಂದು ಸರ್ಕಾರವೇ ಬರೆದುಕೊಟ್ಟ ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಆ ಮನೆಯಲ್ಲಿ ಇನ್ನೊಂದಿರಲಿಲ್ಲ. ನಿಮ್ಮ ಮನೆಯ ಪೆಟ್ಟಿಗೆಯ ತಳವನ್ನೂ ಒಮ್ಮೆ ನೋಡಿ.

ಕಾಡು ಉಳಿಯಬೇಕು ಎನ್ನುವವರ ವಾದವನ್ನು ನೀವು ತಳ್ಳಿಹಾಕದೆ ಇರುವುದು ನನಗೆ ಮೆಚ್ಚುಗೆಯಾಯಿತು. ಅವರಲ್ಲಿ ಕೆಲವರು ಈ ಕಾಯ್ದೆಯನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣದಲ್ಲಿಯೇ, ತಿರಸ್ಕೃತ ಅರ್ಜಿದಾರರನ್ನು ಎಬ್ಬಿಸಬೇಕೆಂಬ ಆದೇಶ 2019ರ ಫೆಬ್ರುವರಿ 13ರಂದು ಬಂದು, ಅದೇ ತಿಂಗಳ 28ರಂದು ಅದಕ್ಕೆ ತಡೆ ಬಿತ್ತು. ಹೊಸದಾಗಿ ಮರ ಕಡಿದು ತೋಟ ಮಾಡಿ ಹಳೆಯದೆಂದು ಬರೆಸಿಕೊಂಡವರು ನಮ್ಮ ಜಿಲ್ಲೆಯಲ್ಲಿ ಇಲ್ಲವೆಂದು ನಾನು ಪ್ರಮಾಣ ಮಾಡಲಾರೆ. ಅಂಥವರಿಗೆ ಈ ಕಾಯ್ದೆಯ ರಕ್ಷಣೆ ಇಲ್ಲ, ಇರಲೂಬಾರದು. ಆದರೆ ಕಾಡು ಬೇರೆ, ಊರಿನವರು ಬೇರೆ ಎಂದು ಎರಡು ಪಕ್ಷ ಮಾಡಿ ನಿಲ್ಲಿಸುವುದು ನಮ್ಮ ನೆಲದ ಅನುಭವಕ್ಕೆ ಹೊಂದುವುದಿಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಬಳಿ ಮರಗಳನ್ನು ಅಪ್ಪಿಕೊಂಡು ಗುತ್ತಿಗೆಯ ಕಡಿತ ನಿಲ್ಲಿಸಿದವರು ಕಾಡಿನಂಚಿನ ರೈತರೇ.

ಪಟ್ಟಾ ಸಿಕ್ಕರೆ ಅದು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಜಂಟಿಯಾಗಿ ಬರುತ್ತದೆ, ಮಕ್ಕಳಿಗೆ ಹೋಗುತ್ತದೆ, ಆದರೆ ಮಾರುವಂತಿಲ್ಲ. ನಾಲ್ಕು ಹೆಕ್ಟೇರಿಗಿಂತ ಹೆಚ್ಚಿಗೆ ಸಿಗುವುದೂ ಇಲ್ಲ.

ಪ್ರಶ್ನೆ: ನಮ್ಮ ತೋಟಕ್ಕೆ ಬಿಟ್ಟ ಸೊಪ್ಪಿನ ಬೆಟ್ಟ ಐದಾರು ಎಕರೆ ಇದೆ. ಪಹಣಿಯಲ್ಲಿ ನಮ್ಮ ಹೆಸರೂ ಬರುತ್ತದೆ. ಬೆಂಗಳೂರಿನಿಂದ ಮರಳಿದ ಮಗ ಅಲ್ಲಿ ಹೋಂಸ್ಟೇ ಕಟ್ಟುತ್ತೇನೆ ಎನ್ನುತ್ತಾನೆ. ಕಟ್ಟಬಹುದೇ?
(ಅಡಿಕೆ ಬೆಳೆಗಾರರು, ಶಿರಸಿ)

ಉತ್ತರ: ಕಟ್ಟಬಾರದು. ಬೆಟ್ಟ ನಿಮಗೆ ಬಂದಿರುವುದು ಸೌಲಭ್ಯವಾಗಿ. ಎಕರೆ ತೋಟಕ್ಕೆ ಘಟ್ಟದ ಮೇಲೆ ಒಂಬತ್ತು ಎಕರೆಯವರೆಗೆ ಎಂಬ ಲೆಕ್ಕದಲ್ಲಿ ಬ್ರಿಟಿಷರ ಕಾಲದಿಂದ ನಡೆದುಬಂದದ್ದು ಸೊಪ್ಪು, ದರಕು (ಉದುರಿದ ಒಣ ಎಲೆ), ಮೇವಿನ ಸೌಲಭ್ಯ. ಹೆಸರು ಪಹಣಿಯಲ್ಲಿ ಕಂಡ ಮಾತ್ರಕ್ಕೆ ನೆಲದ ಒಡೆತನ ಬರುವುದಿಲ್ಲ. ಮಗ ಮರಳಿ ಬಂದದ್ದು ಸಂತೋಷದ ಸಂಗತಿ. ಮನೆಯ ಜಗಲಿಯ ಪಕ್ಕದ ಎರಡು ಕೋಣೆಗಳನ್ನು ಹಸನು ಮಾಡಿ ಶುರುಮಾಡಲಿ.

ಪ್ರಶ್ನೆ: ಮಗಳ ಸಂಬಂಧ ಗೋವೆಯ ಕಾಣಕೋಣದ ಹುಡುಗನ ಜೊತೆ ಗೊತ್ತಾಗಿದೆ. ಮದುವೆಗೆ ಮೊದಲೇ ಆಸ್ತಿಯ ಕರಾರು ಬರೆಯುತ್ತೀರಾ ಎಂದು ಅವರ ಕಡೆಯವರು ಕೇಳುತ್ತಾರೆ. ಶುಭಕಾರ್ಯದ ಹೊತ್ತಿನಲ್ಲಿ ಇದು ಅಪಶಕುನವಲ್ಲವೇ? ಗೋವೆಯಲ್ಲಿ ಏಕರೂಪ ನಾಗರಿಕ ಸಂಹಿತೆ ಇದೆ, ಅದನ್ನೇ ದೇಶಕ್ಕೆಲ್ಲ ತರಬೇಕು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಅದು ಎಷ್ಟು ನಿಜ?
(ತಾಯಿ, ಸದಾಶಿವಗಡ)

ಉತ್ತರ: ಅಮ್ಮಾ, ಮಾಜಾಳಿಯ ಗಡಿ ದಾಟಿದರೆ ಮಾತು, ಊಟ, ದೇವರು ಯಾವುದೂ ಬದಲಾಗುವುದಿಲ್ಲ. ಮದುವೆಯ ಕಾನೂನು ಮಾತ್ರ ಪೂರ್ತಿ ಬದಲಾಗುತ್ತದೆ. ಪೋರ್ಚುಗೀಸರ 1867ರ ನಾಗರಿಕ ಸಂಹಿತೆ ಗೋವೆಗೆ 1870ರಲ್ಲಿ ಬಂತು. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರು ಹೋದರು, ಸಂಹಿತೆ ಉಳಿಯಿತು. ಹುಡುಗನ ಕಡೆಯವರು ಕರಾರಿನ ಮಾತು ಎತ್ತಿದ್ದು ಆ ಸಂಹಿತೆಯ ರೀತಿ. ಅದರಲ್ಲಿ ಅಪಶಕುನವೇನೂ ಇಲ್ಲ, ಕೇಳದೆ ಇದ್ದಿದ್ದರೆ ನಾನು ಸಂಶಯಪಡುತ್ತಿದ್ದೆ.

ಕರಾರು ಬರೆಯದೆ ಅಲ್ಲಿ ಮದುವೆಯಾದರೆ, ಸಾಮಾನ್ಯವಾಗಿ ಗಂಡ ಹೆಂಡತಿಯ ಆಸ್ತಿ ಒಂದೇ ರಾಶಿಯಾಗುತ್ತದೆ. ಮದುವೆಗೆ ಮೊದಲು ಇದ್ದದ್ದು, ಆಮೇಲೆ ಗಳಿಸಿದ್ದು, ಎರಡರಲ್ಲಿಯೂ ಇಬ್ಬರಿಗೂ ಅರ್ಧರ್ಧ. ಒಬ್ಬರು ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಮನೆ, ಜಮೀನು ಮಾರುವಂತಿಲ್ಲ. ಇದು ಬೇಡವೆಂದರೆ ಬೇರೆ ಏರ್ಪಾಡನ್ನು ಮದುವೆಗೆ ಮೊದಲೇ ಕರಾರಿನಲ್ಲಿ ಬರೆಯಬೇಕು. ಮದುವೆಯಾದ ಮೇಲೆ ಅದನ್ನು ತಿದ್ದುವಂತಿಲ್ಲ. ಹಾಗಾಗಿ ನಿಮ್ಮ ಮುಂದಿರುವ ಪ್ರಶ್ನೆ ಲೆಕ್ಕದ್ದು. ಮಗಳ ಹೆಸರಿನಲ್ಲಿ ನೀವು ಈಗಾಗಲೇ ಜಮೀನು ಅಥವಾ ಮನೆ ಮಾಡಿದ್ದರೆ ಅದರ ಅರ್ಧ ಆ ಕಡೆ ಸೇರುತ್ತದೆ. ಹುಡುಗನ ಮನೆಯಲ್ಲಿ ಹೆಚ್ಚಿದ್ದರೆ ಅದರ ಅರ್ಧ ಮಗಳದ್ದಾಗುತ್ತದೆ. ಸುಪ್ರೀಂ ಕೋರ್ಟು 2019ರ ಸೆಪ್ಟೆಂಬರಿನಲ್ಲಿ, ಗೋವೆಯವರು ಗೋವೆಯ ಹೊರಗೆ ಭಾರತದ ಬೇರೆಡೆ ಹೊಂದಿದ ಆಸ್ತಿಯ ಉತ್ತರಾಧಿಕಾರಕ್ಕೂ ಈ ಸಂಹಿತೆಯೇ ಅನ್ವಯ ಎಂದು ಹೇಳಿದೆ. ಕಾರವಾರದ ಆಸ್ತಿ ಕಾರವಾರದ ಕಾನೂನಿಗೇ ಎಂದು ನಿಶ್ಚಿಂತರಾಗಿ ಇರಬೇಡಿ. ಮಡಗಾವಿನ ಅನುಭವಸ್ಥ ವಕೀಲರೊಬ್ಬರಿಗೆ ಎರಡೂ ಕಡೆಯ ಕಾಗದ ತೋರಿಸಿ.

ಇನ್ನೊಂದು ಮಾತನ್ನು ಮರೆಯಬೇಡಿ. ಅಲ್ಲಿ ನೋಂದಣಿ ಎರಡು ಸಲ ಸಹಿ ಹಾಕುವ ವಿಧಾನ. ಮೊದಲ ಸಹಿ ಮದುವೆಯಾಗುವ ಇಚ್ಛೆಯ ಘೋಷಣೆ, ನಡುವೆ ಆಕ್ಷೇಪಣೆಗೆ ಅವಧಿ, ಆಮೇಲೆ ಎರಡನೆಯ ಸಹಿ. ಎರಡನೆಯದು ಬಿದ್ದ ಕ್ಷಣ ಕಾನೂನಿನ ಕಣ್ಣಿನಲ್ಲಿ ಮದುವೆ ಮುಗಿಯಿತು; ನೀವು ಇಲ್ಲಿ ಕುಲದೇವರ ಮುಂದೆ ಧಾರೆ ಎರೆಯುವುದು ಎರಡು ತಿಂಗಳ ನಂತರವಿದ್ದರೂ ಅಷ್ಟೆ.

ಇನ್ನು ಏಕರೂಪದ ಪ್ರಶ್ನೆ. ಅಲ್ಲಿನ ಸಂಹಿತೆ ಬಹುಮಟ್ಟಿಗೆ ಏಕರೂಪದ್ದು, ಪೂರ್ತಿ ಅಲ್ಲ. 1937ರ ಷರೀಯತ್ ಕಾಯ್ದೆ ಗೋವೆಗೆ ಬರಲೇ ಇಲ್ಲ, ಆದ್ದರಿಂದ ಮುಸ್ಲಿಮರಿಗೂ ಅದೇ ಸಂಹಿತೆ. ಆದರೆ ಕೆಥೋಲಿಕರ ಚರ್ಚ್ ಮದುವೆಗೆ ಬೇರೆ ಏರ್ಪಾಡಿತ್ತು, ಹಿಂದೂಗಳಿಗೆಂದು 1880ರಲ್ಲಿ ಹೊರಟ ಪದ್ಧತಿಗಳ ಆಜ್ಞೆಯಲ್ಲಿ ಹೆಂಡತಿಗೆ 25 ವರ್ಷದವರೆಗೆ ಮಕ್ಕಳಾಗದಿದ್ದರೆ ಅಥವಾ 30ರವರೆಗೆ ಗಂಡು ಮಗುವಾಗದಿದ್ದರೆ ಗಂಡ ಇನ್ನೊಂದು ಮದುವೆಯಾಗಬಹುದೆಂಬ ಅಂಶವೂ ಇತ್ತು. ಇಂದು ಅದನ್ನು ಬಳಸುವವರಿಲ್ಲ, ಆದರೂ ಮಾದರಿ ಎಂದು ಹಾಡಿ ಹೊಗಳುವವರು ಈ ಪುಟವನ್ನು ಓದಿರಬೇಕು.

ಸಂವಿಧಾನದ 44ನೆಯ ವಿಧಿ ಸಂಹಿತೆಗಾಗಿ ಪ್ರಯತ್ನಿಸಬೇಕೆಂದು ಸರ್ಕಾರಕ್ಕೆ ಹೇಳುತ್ತದೆ. ಉತ್ತರಾಖಂಡ 2024ರಲ್ಲಿ ತನ್ನದೊಂದನ್ನು ಮಾಡಿ 2025ರ ಜನವರಿಯಿಂದ ಜಾರಿಗೆ ತಂದಿತು, ಪರಿಶಿಷ್ಟ ಪಂಗಡದವರನ್ನು ಹೊರಗಿಟ್ಟು. ಕಾನೂನು ಆಯೋಗ 2018ರ ಸಮಾಲೋಚನಾ ಪತ್ರದಲ್ಲಿ ಈ ಹಂತದಲ್ಲಿ ಸಂಹಿತೆ ಅಗತ್ಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲ ಎಂದಿತ್ತು. ಆ ಪತ್ರದಲ್ಲಿಯೇ, ಮದುವೆಯ ನಂತರ ಗಳಿಸಿದ ಆಸ್ತಿಯನ್ನು ಇಬ್ಬರದೆಂದು ಎಣಿಸಬೇಕೆಂಬ ಸಲಹೆಯೂ ಇತ್ತು. ನನಗೆ ಗೋವೆಯಿಂದ ತರಬೇಕಾದ ವಸ್ತುವೆಂದು ತೋರುವುದು ಅದೊಂದೇ. ಮೂವತ್ತು ವರ್ಷ ಮನೆ ನಡೆಸಿ, ಗದ್ದೆ ನೆಟ್ಟು, ಕೊನೆಗೆ ಗಂಡ ಬಿಟ್ಟಾಗ ಜೀವನಾಂಶದ ಅರ್ಜಿ ಹಿಡಿದು ನಿಲ್ಲುವ ಹೆಂಗಸಿಗೆ ನಮ್ಮ ಕಡೆಯ ಯಾವ ಧರ್ಮದ ಕಾನೂನೂ ಆಸ್ತಿಯ ಅರ್ಧವನ್ನು ಕೊಡುವುದಿಲ್ಲ. ಸಂಹಿತೆ ಬೇಕು, ಬೇಡ ಎಂಬ ಎರಡೂ ಕಡೆಯ ಭಾಷಣಗಳನ್ನು ಕೇಳಿದ್ದೇನೆ. ಈ ಅರ್ಧ ಪಾಲಿನ ಸುದ್ದಿಯನ್ನು ಒಬ್ಬರೂ ಎತ್ತಿದ್ದು ನೆನಪಿಲ್ಲ.

ಪ್ರಶ್ನೆ: ನಾನು ದಂಡೆಯ ಮೇಲೆ ಮೀನು ಒಣಗಿಸಿ ಮಾರುವವಳು. ನಮ್ಮ ಕಡಲ ತೀರದಲ್ಲಿ ದೊಡ್ಡ ಬಂದರು ಬರುತ್ತದಂತೆ. ಸಾರ್ವಜನಿಕ ಅಹವಾಲು ಸಭೆಯಲ್ಲಿ ನಾವೆಲ್ಲ ಕೈ ಎತ್ತಿ ಬೇಡ ಎಂದರೂ ಕೆಲಸ ನಿಲ್ಲುವುದಿಲ್ಲ ಎಂದು ಹೇಳುತ್ತಾರೆ. ಹಾಗಿದ್ದರೆ ನಮ್ಮನ್ನು ಕರೆಯುವುದು ಯಾತಕ್ಕೆ?
(ಓದುಗರು, ಅಂಕೋಲಾ ತಾಲ್ಲೂಕು. ಪತ್ರವನ್ನು ಮಗಳು ಬರೆದುಕೊಟ್ಟಿದ್ದಾಳೆ)

ಉತ್ತರ: ಅಕ್ಕಾ, ನಿಮಗೆ ಹೇಳಿದವರು ಅರ್ಧ ನಿಜ ಹೇಳಿದ್ದಾರೆ. ಅಹವಾಲು ಸಭೆ ಮತದಾನವಲ್ಲ. ಅಲ್ಲಿ ಎಷ್ಟು ಕೈ ಎದ್ದವು ಎಂಬುದರ ಮೇಲೆ ಬಂದರು ನಿಲ್ಲುವುದೂ ಇಲ್ಲ, ಬರುವುದೂ ಇಲ್ಲ. 2006ರ ಸೆಪ್ಟೆಂಬರ್ 14ರ ಪರಿಸರ ಅಧಿಸೂಚನೆಯ ಪ್ರಕಾರ ಸಭೆ ನಡೆಸುವುದು ಮಾಲಿನ್ಯ ನಿಯಂತ್ರಣ ಮಂಡಳಿ, ಅಧ್ಯಕ್ಷತೆ ಜಿಲ್ಲಾಧಿಕಾರಿಯದ್ದು ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕಡಿಮೆಯಲ್ಲದ ಅವರ ಪ್ರತಿನಿಧಿಯದ್ದು. ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಸಭೆಯ ಚಿತ್ರೀಕರಣವಾಗಬೇಕು. ಇಷ್ಟು ಜನ ಸೇರಲೇಬೇಕೆಂಬ ಕೋರಂ ಇಲ್ಲ. ಆದ್ದರಿಂದ ಸಭೆಗೆ ಬಹಿಷ್ಕಾರ ಹಾಕಿದರೆ ಸಭೆ ನಿಲ್ಲುತ್ತದೆ ಎಂದು ತಿಳಿದವರು ಮೋಸ ಹೋಗುತ್ತಾರೆ. ಕುರ್ಚಿ ಖಾಲಿಯಿದ್ದರೂ ಸಭೆ ನಡೆದ ಲೆಕ್ಕವೇ.

ಆದರೆ ಅಲ್ಲಿ ಎತ್ತಿದ ಪ್ರತಿ ವಿಷಯವನ್ನೂ ನಡಾವಳಿಯಲ್ಲಿ ಬರೆದು, ಜನರ ಭಾಷೆಯಲ್ಲಿ ಓದಿ ಹೇಳಿ, ಅದೇ ದಿನ ಸಹಿ ಮಾಡಬೇಕು. ಕಂಪನಿ ಅದಕ್ಕೆ ಉತ್ತರವನ್ನು ತನ್ನ ಅಂತಿಮ ವರದಿಯಲ್ಲಿ ಕೊಡಬೇಕು. ಅನುಮತಿ ಕೊಡಬೇಕೇ ಎಂದು ಶಿಫಾರಸು ಮಾಡುವ ಪರಿಣತರ ಸಮಿತಿಯ ಮುಂದೆ ಹೋಗುವುದು ಆ ಕಾಗದ. 'ಬಂದರು ಬೇಡ' ಎಂದು ಐನೂರು ಜನ ಹೇಳಿದರೆ ನಡಾವಳಿಯಲ್ಲಿ ಅದು ಒಂದೇ ಸಾಲು. ನೀವು ಒಬ್ಬರೇ ಎದ್ದು, ಮಳೆಗಾಲ ಮುಗಿದ ಮೇಲೆ ಬಂಗಡೆ, ಸಿಗಡಿ ಹರಡುವ ಜಾಗ ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಹೆಂಗಸರು ಕೂರುತ್ತಾರೆ, ದೋಣಿ ಎಳೆದು ನಿಲ್ಲಿಸುವುದು ಎಲ್ಲಿ, ನಕ್ಷೆಯಲ್ಲಿ ಆ ಜಾಗಕ್ಕೆ ಖಾಲಿ ಮರಳು ಎಂದು ಬಣ್ಣ ಹಚ್ಚಿದ್ದು ಹೇಗೆ ಎಂದು ಕೇಳಿದರೆ ಅದಕ್ಕೆ ಉತ್ತರ ಬರೆಯಲೇಬೇಕು. ಬರೆಯದಿದ್ದರೆ ಅಥವಾ ಸುಳ್ಳು ಬರೆದರೆ ಮುಂದೆ ಹಸಿರು ನ್ಯಾಯಮಂಡಳಿಯಲ್ಲಿ ಹಿಡಿಯುವ ಹಿಡಿ ಅದೇ. ಪರಿಸರ ಅನುಮತಿ ಸಿಕ್ಕ 30 ದಿನದೊಳಗೆ ಅಲ್ಲಿಗೆ ಮೇಲ್ಮನವಿ ಹೋಗಬೇಕು. ಮಾತಾಡಲು ಅಳುಕಾದರೆ ಬರೆದೇ ಕೊಡಿ, ಸ್ವೀಕೃತಿ ಪಡೆಯಿರಿ. ಈ ಪತ್ರ ಬರೆದ ಮಗಳ ಕೈಬರಹ ಚೆನ್ನಾಗಿದೆ.

ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂದರಿಗೆ ಅಡ್ಡಿಯಾಗದೇ ಎಂದು ಇನ್ನಿಬ್ಬರು ಕೇಳಿದ್ದಾರೆ. ನಿಮ್ಮ ಮನೆಯ ಹಿಂದೆ ಒಂದು ಕೋಣೆ ಕಟ್ಟಲು ಅಡ್ಡಿಯಾಗುವ ನಿಯಮ ಬಂದರಿಗೆ ಅಷ್ಟಾಗಿ ಅಡ್ಡಿಯಾಗುವುದಿಲ್ಲ, ಏಕೆಂದರೆ ನೀರಿನಂಚಿಲ್ಲದೆ ಆಗದ ಕೆಲಸಗಳಿಗೆ ಅದರಲ್ಲಿ ಅವಕಾಶವಿದೆ. ಇದನ್ನು ಕೇಳಿ ನಿಮಗೆ ಸಿಟ್ಟು ಬರುವುದು ಸಹಜ.

ಬಂದರು ಬೇಕೆನ್ನುವವರ ಮಾತನ್ನೂ ಕೇಳಬೇಕು. ಬಳ್ಳಾರಿ, ಹುಬ್ಬಳ್ಳಿಯ ಸರಕು ಇಂದು ಮರ್ಮಗೋವಾಕ್ಕೋ ಮಂಗಳೂರಿಗೋ ಸುತ್ತಿ ಹೋಗುತ್ತದೆ. ರಾಜ್ಯದ ನಡುಭಾಗಕ್ಕೆ ಹತ್ತಿರದಲ್ಲಿ ಆಳದ ಬಂದರು ಬೇಕೆಂಬುದು ಸುಳ್ಳು ಅಗತ್ಯವಲ್ಲ. ಆದರೆ ಯಂತ್ರಗಳೇ ಕಲ್ಲಿದ್ದಲು, ಅದಿರು ಎತ್ತಿ ಇಳಿಸುವ ಬಂದರಿನಲ್ಲಿ ಮೀನು ಒಣಗಿಸುವ ಹೆಂಗಸಿಗೆ ಯಾವ ಉದ್ಯೋಗ ಎಂದು ಕೇಳಿದಾಗ 'ಸಾವಿರಾರು ಉದ್ಯೋಗ' ಎಂಬ ಉತ್ತರ ಬಂದರೆ ಅದು ಉತ್ತರವಲ್ಲ. ನಮ್ಮ ಜನ ಹೀಗೆ ಕೆದಕಿ ಕೇಳಲು ಕಾರಣವಿದೆ. ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, ನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು, ಜಾಗ ಬಿಟ್ಟುಕೊಟ್ಟವರ ಪರಿಹಾರದ ದಾವೆಗಳು ಅದಕ್ಕಿಂತ ಹೆಚ್ಚು ಕಾಲ ನಡೆದವು. ಕೇಂದ್ರದ ಬಂದರು ಯೋಜನೆಯಾದ ಸಾಗರಮಾಲಾದ ಹೆಸರಿನಲ್ಲಿ ಕಾರವಾರದ ಬಂದರು ವಿಸ್ತರಣೆಗೆ ಹೊರಟಾಗ ಟಾಗೋರ್ ಕಡಲತೀರಕ್ಕೆ ಮೀನುಗಾರರು ಇಳಿದದ್ದೂ, 2020ರ ಜನವರಿಯಲ್ಲಿ ಹೈಕೋರ್ಟು ಕೆಲಸಕ್ಕೆ ತಡೆ ಕೊಟ್ಟದ್ದೂ ಅದೇ ನೆನಪಿನ ಮುಂದುವರಿಕೆ.

ಪ್ರಶ್ನೆ: ದೇವಸ್ಥಾನದ ಹುಂಡಿಗೆ ಮಾತ್ರ ಸರ್ಕಾರ ಕೈಹಾಕುತ್ತದೆ, ಮಸೀದಿ ಚರ್ಚುಗಳನ್ನು ಮುಟ್ಟುವುದಿಲ್ಲ. ದೇವಸ್ಥಾನಗಳನ್ನು ಬಿಟ್ಟುಬಿಡಬೇಕೆಂಬ ಬೇಡಿಕೆಗೆ ನಿಮ್ಮ ಬೆಂಬಲವಿದೆಯೇ? ಗೋಕರ್ಣದ ವ್ಯಾಜ್ಯವನ್ನೂ ವಿವರಿಸಿ.
(ನಿವೃತ್ತ ಶಿಕ್ಷಕರು, ಕುಮಟಾ)

ಉತ್ತರ: ಗುರುಗಳೇ, ಮೊದಲ ವಾಕ್ಯವನ್ನು ತುಸು ತಿದ್ದಬೇಕು. ವಕ್ಫ್ ಆಸ್ತಿಗಳು 1995ರ ಕೇಂದ್ರ ಕಾಯ್ದೆಯ ಕೆಳಗಿವೆ, ಅವುಗಳ ಆದಾಯದಿಂದ ಮಂಡಳಿಗೆ ನೂರಕ್ಕೆ 7ರಂತೆ ವಂತಿಗೆ ಇತ್ತು, 2025ರ ತಿದ್ದುಪಡಿ ಅದನ್ನು 5ಕ್ಕೆ ಇಳಿಸಿತು. ಚರ್ಚುಗಳಿಗೆ ಅಂತಹ ಒಂದು ಕಾಯ್ದೆ ಇಲ್ಲ ಎಂಬುದು ಸರಿ. ಭೇದವಿದೆ ಎಂಬ ನಿಮ್ಮ ದೂರಿನಲ್ಲಿ ತಿರುಳಿದೆ. ರಾಜ್ಯದ 1997ರ ಕಾಯ್ದೆಯಲ್ಲಿ ದೊಡ್ಡ ದೇವಸ್ಥಾನಗಳಿಂದ ತೆಗೆಯುವ ಪಾಲು ಸಾಮಾನ್ಯ ಸಂಗ್ರಹ ನಿಧಿಗೆ ಸೇರಿ, ಮುಖ್ಯವಾಗಿ ಆದಾಯ ಕಡಿಮೆಯಿರುವ ಸಿ ವರ್ಗದ ದೇವಸ್ಥಾನಗಳಿಗೆ ಬಳಕೆಯಾಗಬೇಕು. 2024ರ ತಿದ್ದುಪಡಿ ಮಸೂದೆ ಕೋಟಿಗಿಂತ ಹೆಚ್ಚು ಆದಾಯಕ್ಕೆ ನೂರಕ್ಕೆ 10, ಹತ್ತು ಲಕ್ಷದಿಂದ ಕೋಟಿಯವರೆಗೆ ನೂರಕ್ಕೆ 5 ಎಂದು ಮಾಡಲು ಹೊರಟು, ಮೇಲ್ಮನೆಯಲ್ಲಿ ಸೋತು ದೊಡ್ಡ ಗದ್ದಲವಾಯಿತು. ಎಣ್ಣೆಗೂ ಗತಿಯಿಲ್ಲದ ಗುಡಿಗೆ ಇನ್ನೊಂದು ಗುಡಿಯ ಹಣ ಹೋಗುವುದರಲ್ಲಿ ನನಗೆ ಅಧರ್ಮ ಕಾಣುವುದಿಲ್ಲ. ಆದರೆ ಹಣ ಎಲ್ಲಿಗೆ ಹೋಯಿತೆಂಬ ಪಟ್ಟಿಯನ್ನು ವರ್ಷ ವರ್ಷ ಆಯಾ ದೇವಸ್ಥಾನದ ಬಾಗಿಲಿಗೆ ಅಂಟಿಸಿದರೆ ಅರ್ಧ ಜಗಳ ತಾನಾಗಿ ತಣ್ಣಗಾಗುತ್ತದೆ.

ಈ ಇಡೀ ವಿವಾದದ ಬೇರು ನಮ್ಮ ಕರಾವಳಿಯಲ್ಲಿಯೇ ಇದೆ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1954ರಲ್ಲಿ, ಪೂಜೆ ಮತ್ತು ಆಚಾರದ ವಿಷಯ ಸಂಪ್ರದಾಯದವರಿಗೆ ಸೇರಿದ್ದು, ಆಸ್ತಿಯ ಆಡಳಿತವನ್ನು ಕಾನೂನು ಕ್ರಮಪಡಿಸಬಹುದು ಎಂದು ಗೆರೆ ಎಳೆದು, ಮದ್ರಾಸ್ ಸರ್ಕಾರ ವಸೂಲಿ ಮಾಡುತ್ತಿದ್ದ ವಂತಿಗೆ ಸೇವೆಗೆ ಪ್ರತಿಯಾದ ಶುಲ್ಕವಲ್ಲ, ತೆರಿಗೆ ಎಂದು ರದ್ದುಮಾಡಿತು. ನಮ್ಮ ಜಿಲ್ಲೆಯವರಿಗೆ ಶಿರೂರು ಎಂದರೆ ಈಗ 2024ರ ಜುಲೈಯ ಗುಡ್ಡ ಕುಸಿತವೇ ನೆನಪಾಗುತ್ತದೆ. ಇದು ಬೇರೆ ಶಿರೂರು. ಉಡುಪಿಯ ಭಾಗ ಮದ್ರಾಸಿಗೆ, ನಮ್ಮ ಜಿಲ್ಲೆ 1862ರಿಂದ ಮುಂಬಯಿಗೆ ಸೇರಿದ್ದರಿಂದ ಎರಡೂ ಕಡೆ ದೇವಸ್ಥಾನದ ಕಾನೂನುಗಳೇ ಬೇರೆಯಾಗಿದ್ದವು. ಗೋಕರ್ಣದ ಮಹಾಬಲೇಶ್ವರ ದೇವಸ್ಥಾನ 1950ರ ಮುಂಬಯಿ ಸಾರ್ವಜನಿಕ ನ್ಯಾಸ ಕಾಯ್ದೆಯ ಕೆಳಗಿದ್ದದ್ದು ಹೀಗೆ.

1997ರ ಕಾಯ್ದೆ ಮಠಗಳಿಗೂ ಮಠಕ್ಕೆ ಸೇರಿದ ದೇವಸ್ಥಾನಗಳಿಗೂ ಅನ್ವಯವಾಗುವುದಿಲ್ಲ. 2008ರ ಆಗಸ್ಟಿನಲ್ಲಿ ಸರ್ಕಾರ ಗೋಕರ್ಣದ ದೇವಸ್ಥಾನವನ್ನು ತನ್ನ ಪಟ್ಟಿಯಿಂದ ತೆಗೆದು ರಾಮಚಂದ್ರಾಪುರ ಮಠಕ್ಕೆ ವಹಿಸಿತು. ಅದು ಮಠದ್ದೋ ಸಾರ್ವಜನಿಕರದ್ದೋ ಎಂಬುದೇ ಜಗಳ. ಹೈಕೋರ್ಟು 2018ರ ಆಗಸ್ಟಿನಲ್ಲಿ ಆ ಆದೇಶವನ್ನು ರದ್ದುಗೊಳಿಸಿತು, ಮಠ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಏಪ್ರಿಲಿನ ಮಧ್ಯಂತರ ಆದೇಶದಲ್ಲಿ ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಅಧ್ಯಕ್ಷತೆಯ ಸಮಿತಿಗೆ ಆಡಳಿತ ಹೋಯಿತು. ಇದನ್ನು ನೋಡಿದರೆ 'ಸರ್ಕಾರ ಬಿಡಲಿ' ಎಂದಾಗ 'ಯಾರಿಗೆ ಬಿಡಲಿ' ಎಂಬ ಪ್ರಶ್ನೆ ಏಳುವುದು ಕಾಣುತ್ತದೆ. ಮಠಕ್ಕೋ, ಪೂಜೆ ನಡೆಸುವ ಉಪಾಧಿವಂತ ಮನೆತನಗಳಿಗೋ, ಊರವರಿಗೋ? ಬಿಡುವ ಮೊದಲು ಹಿಡಿಯುವ ಕೈ ಯಾವುದೆಂದು ಬರೆದುಕೊಟ್ಟ ಬೇಡಿಕೆಗೆ ನನ್ನ ಬೆಂಬಲ ಸಿಗಬಹುದು. ಈಗ ಕೇಳುತ್ತಿರುವ ಬೇಡಿಕೆಯಲ್ಲಿ ಆ ಸಾಲು ಖಾಲಿಯಾಗಿದೆ.

ಪ್ರಶ್ನೆ: ಅಡಿಕೆ ಕ್ಯಾನ್ಸರ್‌ಕಾರಕ ಎಂಬ ಸುದ್ದಿ ಪ್ರತಿ ವರ್ಷ ಕೊಯ್ಲಿನ ಹೊತ್ತಿಗೇ ಬರುತ್ತದೆ. ಇದು ಬೆಲೆ ಇಳಿಸುವ ಹುನ್ನಾರವಲ್ಲವೇ?
(ಬೆಳೆಗಾರರು, ಯಲ್ಲಾಪುರ)

ಉತ್ತರ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ್ದು 2004ರಲ್ಲಿ. ಅಂದಿನಿಂದ ಎಷ್ಟೋ ಕೊಯ್ಲುಗಳು ಕಳೆದಿವೆ. ಸುದ್ದಿಗೂ ಕೊನೆಗೌಡ ಮರ ಹತ್ತುವುದಕ್ಕೂ ನಂಟು ಹುಡುಕಬೇಕಾಗಿಲ್ಲ. ಅಡಿಕೆ ಔಷಧ ಎಂದು ಸಭೆಗಳಲ್ಲಿ ಹೇಳಿಕೊಳ್ಳುವುದರಿಂದ ಆ ವರ್ಗೀಕರಣ ಅಳಿಯುವುದಿಲ್ಲ. ವೀಳ್ಯದ ತಟ್ಟೆಯಲ್ಲಿ ಅಡಿಕೆ ಇರುವುದು ಒಂದು, ಗುಟ್ಕಾದ ಪೊಟ್ಟಣದಲ್ಲಿ ದಿನಕ್ಕೆ ಇಪ್ಪತ್ತು ಸಲ ಬಾಯಿಗೆ ಬೀಳುವುದು ಇನ್ನೊಂದು ಎಂಬ ವ್ಯತ್ಯಾಸ ಮನಸ್ಸಿಗೆ ಹಿತವಾದರೂ, ನಮ್ಮ ರಾಶಿ ಅಡಿಕೆಯ ದೊಡ್ಡ ಗಿರಾಕಿ ಎರಡನೆಯದೇ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ನಿಮ್ಮ ಬೆಲೆಗೆ ಹತ್ತಿರದ ಅಪಾಯ ಬೇರೆ ಎರಡು. ಕೇಂದ್ರ ಸರ್ಕಾರ 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರೂ, ಪೇಟೆಯ ದರ ಅದಕ್ಕಿಂತ ಮೇಲೆ ಓಡಿದಾಗ ಆ ಗೋಡೆ ಗಿಡ್ಡವಾಗುತ್ತದೆ. ಇನ್ನೊಂದು, ಭತ್ತದ ಗದ್ದೆಗಳನ್ನೂ ಕೊಳವೆಬಾವಿಯ ಬಯಲುಗಳನ್ನೂ ಮುಚ್ಚುತ್ತ ದಾವಣಗೆರೆ, ತುಮಕೂರು, ಚಿತ್ರದುರ್ಗದ ಕಡೆ ಬೆಳೆದ ಹೊಸ ತೋಟಗಳು. ಅಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಖರ್ಚು ನಮ್ಮಷ್ಟಿಲ್ಲ, ಮಳೆಗೆ ಗೊನೆಗಳಿಗೆ ಕೊಟ್ಟೆಯ ಹೊದಿಕೆ ಕಟ್ಟುವ ಕೆಲಸವಿಲ್ಲ, ಯಂತ್ರ ಓಡಿಸಲು ನೆಲ ಸಮತಟ್ಟು. ನಿಮ್ಮ ಮರಗಳಿಗೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿ ಎಷ್ಟಿವೆ, ಎಲೆಚುಕ್ಕಿ ರೋಗ ಬಂದ ತುಂಡಿನಲ್ಲಿ ಈ ವರ್ಷ ಏನು ಮಾಡಿದಿರಿ ಎಂಬುದನ್ನು ಮುಂದಿನ ಪತ್ರದಲ್ಲಿ ಬರೆಯಿರಿ.